ಅರಸೀಕೆರೆ: ಕೆರೆ ಕಟ್ಟಿದ ಊರು, ರೈಲು ಬೆಳೆಸಿದ ಪೇಟೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಅರಸೀಕೆರೆಯ ಹೆಸರು ಕೇಳದ ಕನ್ನಡಿಗರು ಕಡಿಮೆ. ಆದರೆ ಬಹಳ ಮಂದಿಗೆ ಈ ಊರೆಂದರೆ ನಡುರಾತ್ರಿ ಕಿಟಕಿಯಾಚೆ ಕಂಡ ಹಳದಿ ಬೋರ್ಡು, ಒಂದು ಲೋಟ ಕಾಫಿ, ಮತ್ತೆ ಹೊರಟ ರೈಲು. ನಾನು ಬೆಳೆದದ್ದು ಇದೇ ತಾಲ್ಲೂಕಿನ ತೋಟದ ಮನೆಯಲ್ಲಿ. ಹೊರಗಿನವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವಕ್ಕೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಅರಸೀಕೆರೆ ತುಮಕೂರು ಜಿಲ್ಲೆಯಲ್ಲಿದೆಯಲ್ಲವೇ?

ಇಲ್ಲ, ಹಾಸನ ಜಿಲ್ಲೆ. ತಿಪಟೂರು ಪಕ್ಕದಲ್ಲೇ ಇರುವುದರಿಂದ, ಎರಡೂ ಕಡೆ ಕೊಬ್ಬರಿಯೇ ಮಾತಾಗಿರುವುದರಿಂದ ಈ ಗೊಂದಲ. ಇನ್ನೊಂದು ಕಾರಣವೂ ಉಂಟು. ಹಾಸನ ಎಂದರೆ ಕಾಫಿ, ಮಲೆನಾಡು, ಮಂಜು ಎಂದು ಜನ ಅಂದುಕೊಂಡಿರುತ್ತಾರೆ. ಸಕಲೇಶಪುರದಲ್ಲಿ ಜಡಿಮಳೆ ಹಿಡಿದು ಕೂತಿರುವ ದಿನವೇ ನಮ್ಮಲ್ಲಿ ರಾಗಿ ಹೊಲ ಮೋಡದ ಕಡೆ ಮುಖ ಮಾಡಿಕೊಂಡು ನಿಂತಿರುತ್ತದೆ. ಒಂದೇ ಜಿಲ್ಲೆ, ಎರಡು ಲೋಕ. ನಮ್ಮದು ಬಯಲುಸೀಮೆ.

ಹೆಸರು ಎಲ್ಲಿಂದ ಬಂತು?

ಅರಸಿಯ ಕೆರೆ, ಅಂದರೆ ರಾಣಿ ಕಟ್ಟಿಸಿದ ಕೆರೆ. ಹೊಯ್ಸಳರ ಕಾಲದ ಹೆಸರು. ಮಳೆ ಕಡಿಮೆಯಾದ ಸೀಮೆಯಲ್ಲಿ ಊರಿಗೆ ಅರಸನ ಹೆಸರಾಗಲಿ ಕೋಟೆಯ ಹೆಸರಾಗಲಿ ಬೀಳದೆ ಕೆರೆಯ ಹೆಸರು ಬಿದ್ದಿದೆ. ಇಲ್ಲಿ ಯಾವುದು ದೊಡ್ಡದು ಎಂದು ಆ ಕಾಲದವರಿಗೂ ಗೊತ್ತಿತ್ತು.

ಹಾಗಾದರೆ ಇದು ರೈಲು ಬಂದ ಮೇಲೆ ಹುಟ್ಟಿದ ಊರು ಎನ್ನುವುದು ಸುಳ್ಳೇ?

ಅರ್ಧ ನಿಜ. ಊರು ಹಳೆಯದು. ಈಗಲೂ ನಾವು ಶಿವಾಲಯ ಎಂದು ಕರೆಯುವ ಈಶ್ವರ ದೇವಾಲಯ 1220ರ ಆಸುಪಾಸಿನದು. ವೀರ ಬಲ್ಲಾಳನ ಮಂತ್ರಿಯಾಗಿದ್ದ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಅದೇ ಕಾಲದ್ದು. ಶೈವರಿಗೂ ಜೈನರಿಗೂ ಒಟ್ಟಿಗೆ ಇಷ್ಟು ಕೆಲಸ ಮಾಡಿಸುವಷ್ಟು ಹಣ, ಜನ, ನೀರು ಆಗ ಇಲ್ಲಿತ್ತು.

ಆದರೆ ನೀವು ಇಂದು ನೋಡುವ ಪೇಟೆ, ಅಂದರೆ ಬಿ.ಎಚ್. ರಸ್ತೆ, ಮಂಡಿಗಳು, ಲಾಡ್ಜು, ಹೋಟೆಲು, ರೈಲ್ವೆ ಕ್ವಾರ್ಟರ್ಸು, ಎಲ್ಲವೂ ರೈಲಿನ ಮಕ್ಕಳು. ಮೊದಲ ಊರನ್ನು ಕೆರೆ ಕಟ್ಟಿತು, ಎರಡನೆಯದನ್ನು ಹಳಿ ಕಟ್ಟಿತು. ಶಿವಾಲಯದ ಸುತ್ತಲಿನ ಬೀದಿಗಳಲ್ಲೂ ಸ್ಟೇಷನ್ ಕಡೆಯ ಬೀದಿಗಳಲ್ಲೂ ಒಂದೊಂದು ಸುತ್ತು ಹಾಕಿದರೆ ಎರಡು ಬೇರೆ ಬೇರೆ ಊರಿನಲ್ಲಿ ನಡೆದ ಹಾಗೆ ಆಗುತ್ತದೆ.

ರೈಲು ಇಲ್ಲಿಗೆ ಬಂದದ್ದು ಯಾವಾಗ, ಯಾಕೆ?

ಯಾಕೆ ಎನ್ನುವುದರ ಹಿಂದೆ ದೊಡ್ಡ ಸಾವಿದೆ. 1876ರಿಂದ 1878ರವರೆಗಿನ ಬರಗಾಲದಲ್ಲಿ ಮೈಸೂರು ಸಂಸ್ಥಾನ ಲಕ್ಷಾಂತರ ಜನರನ್ನು ಕಳೆದುಕೊಂಡಿತು. ದವಸ ಹೊರಗಿನಿಂದ ಬಂದರೂ ಒಳನಾಡಿಗೆ ಮುಟ್ಟಿಸಲು ದಾರಿಯಿರಲಿಲ್ಲ. ಗಾಡಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಆ ಪಾಠದ ನಂತರ ಸಂಸ್ಥಾನ ರೈಲು ಹಾಕುವ ಕೆಲಸವನ್ನು ಗಂಭೀರವಾಗಿ ಕೈಗೆತ್ತಿಕೊಂಡಿತು. ಬೆಂಗಳೂರಿನಿಂದ ತುಮಕೂರು ಮೇಲೆ ಗುಬ್ಬಿಯವರೆಗೆ 1884ರಲ್ಲಿ ಮೀಟರ್ ಗೇಜ್ ಹಳಿ ಬಂತು. ಕೆಲವು ವರ್ಷ ಗುಬ್ಬಿಯೇ ಕೊನೆಯ ನಿಲ್ದಾಣವಾಗಿತ್ತು. 1889ರಲ್ಲಿ ತಿಪಟೂರು, ಅರಸೀಕೆರೆ, ಕಡೂರು, ಬೀರೂರು ದಾಟಿ ಹರಿಹರದವರೆಗೆ ದಾರಿ ತೆರೆಯಿತು. ಅಲ್ಲಿಂದಾಚೆ ಹುಬ್ಬಳ್ಳಿ, ಪುಣೆ ಕಡೆಯ ಸಂಪರ್ಕ.

ಬರಗಾಲದಲ್ಲಿ ದವಸ ತರಲೆಂದು ಹಾಕಿದ ಹಳಿ ನಮ್ಮ ಊರಿನಿಂದ ಕೊಬ್ಬರಿಯನ್ನು ಹೊರಗೆ ಒಯ್ಯತೊಡಗಿತು. ಈ ಊರಿನ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಜಂಕ್ಷನ್ ಆದದ್ದು?

ಮೈಸೂರಿನಿಂದ ಕೆ.ಆರ್. ನಗರ, ಹೊಳೆನರಸೀಪುರ, ಹಾಸನ ಮೇಲೆ ಅರಸೀಕೆರೆಗೆ ಹಳಿ ಬಂದ ಮೇಲೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ (1912–1918) ದೊಡ್ಡ ರೈಲು ಕೆಲಸಗಳಲ್ಲಿ ಇದೂ ಒಂದು. ಈ ಹಳಿ ಬಂದದ್ದೇ ಊರಿನ ದೆಸೆ ತಿರುಗಿತು. ಅಲ್ಲಿಯವರೆಗೆ ಹಾದುಹೋಗುತ್ತಿದ್ದ ರೈಲಿನಿಂದ ಜನ ಇಳಿಯತೊಡಗಿದರು, ಇನ್ನೊಂದು ರೈಲಿಗೆ ಕಾಯತೊಡಗಿದರು. ಕಾಯುವವನಿಗೆ ಊಟ ಬೇಕು, ಚಾಪೆ ಬೇಕು, ಎಲೆ ಅಡಿಕೆ ಬೇಕು. ಉಗಿಬಂಡಿಯ ಎಂಜಿನ್ನಿಗೆ ನೀರು, ಕಲ್ಲಿದ್ದಲು ಬೇಕು. ಗಾರ್ಡು, ಡ್ರೈವರು, ಫೈರ್‌ಮನ್, ಗ್ಯಾಂಗ್‌ಮನ್ನುಗಳಿಗೆ ಮನೆ ಬೇಕು. ಪೇಟೆ ಬೆಳೆದದ್ದು ಹೀಗೆ, ಕಾಯುವವರ ಸುತ್ತ.

ರೈಲ್ವೆ ಕೆಲಸಕ್ಕೆ ಬಂದವರಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವವರೂ ಇದ್ದರು. ನನ್ನ ಜೊತೆ ಓದಿದ ಕ್ವಾರ್ಟರ್ಸಿನ ಹುಡುಗರು ಮನೆಯಲ್ಲಿ ಒಂದು ಮಾತು, ಆಟದಲ್ಲಿ ನಮ್ಮ ಸೀಮೆಯ ಕನ್ನಡ. ಅವರ ಅಪ್ಪಂದಿರಿಗೆ ವರ್ಗವಾದಾಗ ತರಗತಿಯ ಒಂದು ಬೆಂಚು ಖಾಲಿಯಾಗುತ್ತಿತ್ತು. ಮುಂದಿನ ತಿಂಗಳು ಬೇರೆ ಹುಡುಗ ಬಂದು ಕೂರುತ್ತಿದ್ದ.

ಮಂಗಳೂರಿಗೂ ಇಲ್ಲಿಂದಲೇ ರೈಲು ಅಲ್ಲವೇ?

ಹಾಸನದಿಂದ ಘಟ್ಟ ಇಳಿದು ಮಂಗಳೂರಿಗೆ ಹೋಗುವ ಹಳಿ 1979ರಲ್ಲಿ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿ.ಮೀ.ನಲ್ಲೇ 57 ಸುರಂಗಗಳಿವೆ. ಹಳಿಯನ್ನು ಅಗಲ ಮಾಡಿ ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ನಿಲ್ಲಿಸಿದ ಈ ದಾರಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಬಳ್ಳಾರಿ ಸೀಮೆಯಿಂದ ಮಂಗಳೂರು ಬಂದರಿಗೆ ಅದಿರು ಹೊತ್ತ ಗೂಡ್ಸುಗಳು ಅರಸೀಕೆರೆಯಲ್ಲೇ ಹಾಸನದ ಕಡೆ ತಿರುಗುತ್ತವೆ.

ಬೆಂಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಹೋಗಬೇಕಾದರೆ ಬಹುಕಾಲ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಲೇಬೇಕಿತ್ತು. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳ ಮೇಲೆ ನೇರ ಹಳಿ ಪೂರ್ತಿಯಾದ ಮೇಲೆ ಆ ಸುತ್ತು ತಪ್ಪಿತು. ಪ್ರಯಾಣಿಕರಿಗೆ ಒಳ್ಳೆಯದೇ ಆಯಿತು. ನಮ್ಮ ಪ್ಲಾಟ್‌ಫಾರಂನಲ್ಲಿ ಕಾಯುವವರು ಮಾತ್ರ ಕಡಿಮೆಯಾದರು.

ಕೊಬ್ಬರಿ ಎಂದರೆ ಒಣಗಿದ ತೆಂಗಿನಕಾಯಿ ತಾನೆ? ಅದರಲ್ಲೇನು ವಿಶೇಷ?

ಈ ಪ್ರಶ್ನೆಗೆ ಸ್ವಲ್ಪ ಸಾವಧಾನದಿಂದ ಉತ್ತರ ಹೇಳಬೇಕು.

ಕರಾವಳಿಯಲ್ಲೂ ಕೇರಳದಲ್ಲೂ ಕಾಯನ್ನು ಎರಡು ಹೋಳು ಮಾಡಿ ಬಿಸಿಲಿಗೋ ಗೂಡಿನ ಬಿಸಿಗೋ ಹಾಕಿ ಒಣಗಿಸುತ್ತಾರೆ. ಅದು ಎಣ್ಣೆಗೆ ಹೋಗುವ ಕೊಬ್ಬರಿ, ಕೆಲವೇ ದಿನಗಳ ಕೆಲಸ. ಅರಸೀಕೆರೆ, ತಿಪಟೂರು ಕಡೆಯದು ಉಂಡೆ ಕೊಬ್ಬರಿ. ಕಾಯಿ ಒಡೆಯದೆ, ಚಿಪ್ಪಿನೊಳಗೇ ಒಣಗಿ ಉಂಡೆಯಾಗುವುದು. ಇದಕ್ಕೆ ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯುತ್ತದೆ.

ಹನ್ನೆರಡು ತಿಂಗಳು ಬಲಿತ ಕಾಯನ್ನು ಮರದಿಂದ ಕೆಡವಿ ಮೊದಲು ನೆರಳಲ್ಲಿ ರಾಶಿ ಹಾಕುತ್ತಾರೆ. ಆಮೇಲೆ ಸಿಪ್ಪೆಸಮೇತ ಅಟ್ಟಕ್ಕೇರಿಸುತ್ತಾರೆ. ಹಳೆಯ ತೋಟದ ಮನೆಗಳಲ್ಲಿ ಅಟ್ಟ ಮನೆಯೊಳಗೇ ಇರುತ್ತಿತ್ತು. ಈಗ ಬೇರೆ ಶೆಡ್ಡು ಕಟ್ಟುತ್ತಾರೆ. ಮಳೆಗಾಲದಲ್ಲಿ ತೇವ ಕೂರದಿರಲಿ ಎಂದು ಕೆಳಗೆ ಸಿಪ್ಪೆ ಹಾಕಿ ಹದವಾಗಿ ಹೊಗೆ ಕೊಡುವುದೂ ಉಂಟು. ಹೊಗೆ ಹೆಚ್ಚಾದರೆ ಕೊಬ್ಬರಿ ಕಪ್ಪಾಗಿ ವಾಸನೆ ಹಿಡಿಯುತ್ತದೆ, ಕಡಿಮೆಯಾದರೆ ಬೂಷ್ಟು. ತಿಂಗಳು ಕಳೆದಂತೆ ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪನ್ನು ಬಿಟ್ಟು ಬರುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಬೇಕು. ನೀರಿನ ಸದ್ದು ಹೋಗಿ ಲೊಡಲೊಡ ಎನ್ನಬೇಕು. ನಮ್ಮಪ್ಪ "ಕಾಯಿ ತಾನಾಗಿ ಮಾತಾಡ್ಬೇಕು ಕಣೋ, ನೀನು ಆತುರ ಬೀಳಬೇಡ" ಎನ್ನುತ್ತಿದ್ದರು.

ಮಾತಾಡಿದ ಮೇಲೆ ಸುಲಿಯುವ ಕೆಲಸ, ಅದಾದ ಮೇಲೆ ಚಿಪ್ಪು ಒಡೆಯುವ ಕೆಲಸ. ಒಳಗಿನ ಉಂಡೆಗೆ ಗಾಯವಾಗದಂತೆ ಚಿಪ್ಪನ್ನಷ್ಟೇ ಬಿಡಿಸಬೇಕು. ನಮ್ಮ ಕಡೆ ಈ ಕೆಲಸದಲ್ಲಿ ಹೆಂಗಸರ ಕೈ ಬಹಳ ನುರಿತದ್ದು. ಏಟು ಒಂದು ಕೂದಲಷ್ಟು ಹೆಚ್ಚಾದರೂ ಉಂಡೆ ಹೋಳಾಗುತ್ತದೆ, ಹೋಳಿಗೆ ಉಂಡೆಯ ಬೆಲೆ ಇಲ್ಲ. ಕಾಯಿಯ ಗಾತ್ರ ನೋಡಿಕೊಂಡು ಒಂದು ಕ್ವಿಂಟಲ್ ಕೊಬ್ಬರಿಗೆ ಆರೇಳುನೂರು ಕಾಯಿ ಬೇಕಾಗುತ್ತದೆ. ಅಷ್ಟು ಏಟುಗಳನ್ನು ಲೆಕ್ಕ ಹಾಕಿ ನೋಡಿ. ಆ ಹೆಣ್ಣುಮಕ್ಕಳ ಕೂಲಿ ಇನ್ನೂ ಹೆಚ್ಚಾಗಬೇಕು ಎಂದು ನಾನು ತೋಟದ ಮಾಲೀಕನಾಗಿಯೇ ಹೇಳುತ್ತೇನೆ.

ಇದಕ್ಕೂ ರೈಲಿಗೂ ಏನು ಸಂಬಂಧ?

ತೆಂಗು ಈ ಸೀಮೆಗೆ ರೈಲಿಗಿಂತ ಹಳೆಯದು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಪಕ್ಕದ ಹೊನ್ನವಳ್ಳಿಯ ತೋಟಗಳನ್ನು ಕಂಡು ಬರೆದಿದ್ದಾನೆ. ಆದರೆ ಎತ್ತಿನ ಗಾಡಿ ಎಷ್ಟು ದೂರ ಹೋದೀತು?

ಹಸಿಕಾಯಿ ಭಾರ, ಸಿಪ್ಪೆ, ನೀರು, ಚಿಪ್ಪು ಎಲ್ಲ ಸೇರಿ. ಉಂಡೆ ಕೊಬ್ಬರಿ ಹಗುರ, ಕೆಡುವುದಿಲ್ಲ, ಚೀಲಕ್ಕೆ ತುಂಬಿ ಹೊಲಿದರೆ ವಾರಗಟ್ಟಲೆ ದಾರಿ ನಡೆದರೂ ಏನಾಗದು. ದೂರದ ಮಾರುಕಟ್ಟೆಗೆ ಹೇಳಿ ಮಾಡಿಸಿದ ಸರಕು, ದೂರಕ್ಕೆ ಒಯ್ಯುವ ಗಾಡಿಯೊಂದೇ ಬಾಕಿ ಇತ್ತು. ಅದನ್ನು ಹಳಿ ತಂದಿತು. ಮಂಡಿ ವರ್ತಕರು ಬಂದರು, ಉತ್ತರದ ವ್ಯಾಪಾರಿಗಳು ಬಂದರು, ಗೋದಾಮುಗಳೆದ್ದವು. ಹೊಲದ ಬದುವಿನಲ್ಲಿ ನಾಲ್ಕು ತೆಂಗಿನ ಮರವಿದ್ದ ರೈತ ಹೊಲವನ್ನೇ ತೋಟ ಮಾಡಿದ. ಮರ ಹಚ್ಚುವುದೆಂದರೆ ಮಕ್ಕಳ ಕಾಲಕ್ಕೆ ನಂಬಿಕೆ ಇಡುವುದು. ಆ ನಂಬಿಕೆ ಬಂದದ್ದು ದಿನವೂ ಹೊತ್ತಿಗೆ ಸರಿಯಾಗಿ ಕೇಳುವ ಗಾಡಿಯ ಕೂಗಿನಿಂದ ಎಂದು ನನಗೆ ಅನ್ನಿಸುತ್ತದೆ.

ಈಗ ಕೊಬ್ಬರಿ ಹೆಚ್ಚಾಗಿ ಲಾರಿಯಲ್ಲೇ ಹೋಗುತ್ತದೆ. ಮಂಡಿಯ ಬಾಗಿಲಲ್ಲಿ ತುಂಬಿ ದೆಹಲಿಯ ಅಂಗಡಿ ಬಾಗಿಲಲ್ಲಿ ಇಳಿಸುವ ಅನುಕೂಲದ ಮುಂದೆ ರೈಲು ಸೋತಿದೆ.

ಉತ್ತರದವರು ಅಷ್ಟೊಂದು ಕೊಬ್ಬರಿ ಏನು ಮಾಡುತ್ತಾರೆ?

ತಿನ್ನುತ್ತಾರೆ, ಪೂಜೆಗೆ ಇಡುತ್ತಾರೆ, ಮದುವೆಯಲ್ಲಿ ಉಡಿ ತುಂಬುತ್ತಾರೆ. ಅಲ್ಲಿ ಅದು ಬಾದಾಮಿ, ದ್ರಾಕ್ಷಿಯ ಸಾಲಿನ ಒಣಹಣ್ಣು. ಹಬ್ಬ, ಮದುವೆಯ ಕಾಲಕ್ಕೆ ಅಲ್ಲಿ ಬೇಡಿಕೆ ಏರಿದರೆ ಇಲ್ಲಿನ ಮಂಡಿಯಲ್ಲಿ ಮುಖಗಳು ಅರಳುತ್ತವೆ. ನಮ್ಮಲ್ಲೂ ಬಾಣಂತಿಗೆ ಕೊಡುವ ಕೊಬ್ಬರಿ ಖಾರ, ಸಂಕ್ರಾಂತಿಯ ಎಳ್ಳುಬೆಲ್ಲ, ಮದುವೆಯ ಬಟ್ಟಲು ಕೊಬ್ಬರಿ ಇಲ್ಲದೆ ಆಗುವುದಿಲ್ಲ. ಆದರೆ ರಾಶಿ ಸಾಗುವುದು ಉತ್ತರಕ್ಕೇ.

ಬೆಲೆ ಹೇಗಿದೆ? ಒಳ್ಳೆಯ ಆದಾಯವಂತೆ?

ಹೇಳುವವರು ಏರಿದ ವರ್ಷದ ಲೆಕ್ಕ ಮಾತ್ರ ಹೇಳುತ್ತಾರೆ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ 2023ರಲ್ಲಿ ಕ್ವಿಂಟಲಿಗೆ 11,750 ರೂ., 2024ರಲ್ಲಿ 12,000, 2025ರಲ್ಲಿ 12,100. 2023ರಲ್ಲಿ ಮಾರುಕಟ್ಟೆ ಬೆಲೆ ಇದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ಬೆಂಬಲ ಬೆಲೆಗೆ ಕೊಳ್ಳುವ ಸಂಸ್ಥೆಯಾದ ನಾಫೆಡ್‌ನ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ರೈತರು ಬೆಳಗಿನ ಜಾವದಿಂದ ಸಾಲು ನಿಂತರು. ಆ ವರ್ಷ ನಮ್ಮ ಮನೆಯ ಮಾಲನ್ನೂ ಸಾಲ ತೀರಿಸುವ ಒತ್ತಡಕ್ಕೆ ಒಬ್ಬ ವರ್ತಕರಿಗೆ ಕಡಿಮೆಗೇ ಕೊಟ್ಟೆವು. ಅಟ್ಟದಲ್ಲಿ ವರ್ಷ ಕಾದ ಕೊಬ್ಬರಿಗೆ ಇನ್ನೆರಡು ತಿಂಗಳು ಕಾಯುವ ಶಕ್ತಿ ಇತ್ತು, ನಮಗೆ ಇರಲಿಲ್ಲ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಆಗ ಮಾರಲು ಬಹಳ ಮನೆಗಳಲ್ಲಿ ಹೆಚ್ಚು ಕಾಯಿಯೇ ಉಳಿದಿರಲಿಲ್ಲ.

ಇದಕ್ಕೆ ನನಗೆ ಕಾಣುವ ದಾರಿ ಸರಳ. ಬೆಂಬಲ ಬೆಲೆಯ ಖರೀದಿ ಬೆಲೆ ಬೀಳುವ ಮೊದಲೇ ಶುರುವಾಗಬೇಕು, ಅಟ್ಟದಲ್ಲಿರುವ ಕಾಯಿಯ ಮೇಲೆ ಸಣ್ಣ ರೈತನಿಗೆ ಕಡಿಮೆ ಬಡ್ಡಿಯ ಸಾಲ ಸಿಗಬೇಕು.

ತೆಂಗಿಗೆ ರೋಗ ಹೆಚ್ಚಂತಲ್ಲ?

ಹೌದು. ಕಾಂಡದಿಂದ ಕೆಂಪು ರಸ ಸೋರುವ ರೋಗ, ಸುಳಿಗೇ ಬಾಯಿ ಹಾಕುವ ಕೆಂಪುಮೂತಿ ಹುಳು, ಗರಿಯ ಹಸಿರೆಲ್ಲ ತಿಂದು ಸುಟ್ಟ ಹಾಗೆ ಮಾಡುವ ಕಪ್ಪುತಲೆ ಹುಳು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಆಮೇಲೆ ನಮ್ಮ ತೋಟಗಳಿಗೂ ಬಂತು. ಕಾಯಿ ಸಣ್ಣದಾಗುತ್ತಾ, ಸಿಪ್ಪೆ ಬಿರಿಯುತ್ತಾ ಹೋದ ಆ ವರ್ಷಗಳು ಇನ್ನೂ ಕಣ್ಣಲ್ಲಿವೆ. ಕಪ್ಪುತಲೆ ಹುಳುವಿಗೆ ಔಷಧಿಗಿಂತ ಗೊನಿಯೋಜಸ್ ಎಂಬ ಪರೋಪಜೀವಿ ಕೀಟ ಬಿಡುವುದು ವಾಸಿ. ಒಬ್ಬರ ತೋಟದಲ್ಲಿ ಬಿಟ್ಟರೆ ಸಾಲದು, ಸುತ್ತಲಿನವರೆಲ್ಲ ಒಟ್ಟಿಗೆ ಬಿಡಬೇಕು.

ಅರಸೀಕೆರೆಯಲ್ಲಿ ತೆಂಗಿನ ಮೇಲೇ ಕೆಲಸ ಮಾಡುವ ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಸಸಿ ಹಾಕುವವರು ಮೊದಲು ಅಲ್ಲಿಗೆ ಹೋಗಿ ಬನ್ನಿ. ನಮ್ಮ ಸೀಮೆಯ ತಿಪಟೂರು ಟಾಲ್ ತಳಿಯಿಂದಲೇ ಆರಿಸಿದ 'ಕಲ್ಪತರು' ಉಂಡೆ ಕೊಬ್ಬರಿಗೆ ಒಗ್ಗುವ ತಳಿ.

ತೆಂಗು ಬಿಟ್ಟರೆ?

ರಾಗಿ. ಮುಂಗಾರಿಗೆ ಮೊದಲು ಹೆಸರು, ಅಲಸಂದೆ, ಎಳ್ಳು, ಆಮೇಲೆ ರಾಗಿ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಸಾಸಿವೆ. ರಾಗಿಯ ಹಿಂದೆಯೇ ಹುರುಳಿ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂದು ಹಿರಿಯರು ಮಾಡಿದ ಏರ್ಪಾಡು. ಡಿಸೆಂಬರಿನಲ್ಲಿ ರೈಲಿನಲ್ಲಿ ಬಂದರೆ ಎರಡೂ ಕಡೆ ರಾಗಿ ಮೆದೆಗಳು ಕಾಣುತ್ತವೆ.

ನೀರಿನ ಕಥೆ ಏನು?

ಹೆಸರಲ್ಲೇ ಕೆರೆ ಇಟ್ಟುಕೊಂಡ ಊರು ನೀರಿಗೆ ಪರದಾಡಿದ್ದು ಎಷ್ಟೋ ವರ್ಷ. ಕೆರೆ ಬತ್ತಿದಾಗ ತೋಟ ಉಳಿಸಲು ಬೋರು ಕೊರೆದೆವು, ಬೋರು ಬತ್ತಿದಾಗ ಇನ್ನೂ ಆಳಕ್ಕೆ ಕೊರೆದೆವು. ಆ ಬರದಲ್ಲಿ ಸುಳಿ ಬಿದ್ದ ಮರಗಳು ಕಂಬದ ಹಾಗೆ ನಿಂತಿದ್ದವು. ಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಕಾಲುವೆ ನಮ್ಮ ತಾಲ್ಲೂಕಿನ ಮೂಲಕವೇ ಹೋಗುತ್ತದೆ. ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಆಯಿತು. ನಮ್ಮ ಕೆರೆಗಳಿಗೆ ಹಕ್ಕಿನ ಪಾಲು ಸಿಗಲಿ ಎನ್ನುವುದು ಎಲ್ಲರ ಮಾತು. ಅದರ ಜೊತೆಗೆ ಹಳೆಯ ಕೆರೆಗಳ ಹೂಳು ತೆಗೆಯುವ, ಕೆರೆಗೆ ನೀರು ತರುವ ಹಳ್ಳಗಳ ಒತ್ತುವರಿ ಬಿಡಿಸುವ ಕೆಲಸವೂ ಆಗಲಿ ಎನ್ನುತ್ತೇನೆ ನಾನು. ಇದು ನಮ್ಮ ಕೈಯಲ್ಲೇ ಇರುವ ಕೆಲಸ.

ಕಡೂರು, ಬೀರೂರಿನದೂ ಇದೇ ಕಥೆಯೇ?

ಒಡಹುಟ್ಟಿದ ಊರುಗಳು. ಎರಡೂ ಚಿಕ್ಕಮಗಳೂರು ಜಿಲ್ಲೆಗೆ ಸೇರಿದರೂ ನಮ್ಮದೇ ಹಳಿ, ನಮ್ಮದೇ ಬಯಲು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ಕವಲು ಹಳಿ ಹೋಯಿತು, ಅಂದರೆ ನಮಗಿಂತ ಮೊದಲೇ ಅದು ಜಂಕ್ಷನ್. ಕಡೂರು ಜಂಕ್ಷನ್ ಆದದ್ದು ತೀರಾ ಈಚೆಗೆ, 2013ರ ನವೆಂಬರಿನಲ್ಲಿ ಚಿಕ್ಕಮಗಳೂರಿಗೆ 46 ಕಿ.ಮೀ. ಹಳಿ ಬಂದಾಗ. ಅಲ್ಲಿಯತನಕ ಚಿಕ್ಕಮಗಳೂರು ಪಟ್ಟಣಕ್ಕೆ ರೈಲೇ ಇರಲಿಲ್ಲ.

ಮುಂದೆ ಜಂಕ್ಷನ್ನಿಗೆ ಬೆಲೆ ಉಳಿಯುತ್ತದೆಯೇ?

ಜೋಡಿ ಹಳಿ ಬಂತು, ವಿದ್ಯುತ್ ತಂತಿ ಬಂತು, ರೈಲುಗಳ ವೇಗ ಹೆಚ್ಚಿತು. 2023ರಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದಾಗ ಅದರ ನಿಲುಗಡೆಗಳ ಪಟ್ಟಿಯಲ್ಲಿ ಅರಸೀಕೆರೆ ಇರಲಿಲ್ಲ. ಎಂಜಿನ್ನು ನೀರು ಕುಡಿಯಲು ನಿಲ್ಲುತ್ತಿದ್ದ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲು ನೋಡುವಾಗ ಹಿರಿಯರಿಗೆ ಸಂಕಟವಾಗುತ್ತದೆ, ನನಗೂ ಆಯಿತು. ಅದೇ ವರ್ಷ ಆಗಸ್ಟ್ 6ರಂದು ಅಮೃತ್ ಭಾರತ್ ಯೋಜನೆಯಲ್ಲಿ ನಿಲ್ದಾಣದ ನವೀಕರಣಕ್ಕೆ ಶಂಕುಸ್ಥಾಪನೆಯಾಯಿತು. ಕಟ್ಟಡ ಚೆಂದವಾಗಲಿ. ಆದರೆ ನಮ್ಮವರಿಗೆ ಅದಕ್ಕಿಂತ ಮುಖ್ಯ ಹಬ್ಬನಘಟ್ಟ, ಬಾಗೇಶಪುರ, ಬಾಣಾವರದಂಥ ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲುವ ಪ್ಯಾಸೆಂಜರ್ ಗಾಡಿಗಳು. ಕಾಲೇಜಿಗೆ ಹೋಗುವ ಹುಡುಗಿ, ಆಸ್ಪತ್ರೆಗೆ ಹೋಗುವ ಅಜ್ಜಿ, ಸೊಪ್ಪಿನ ಗಂಟು ಹೊತ್ತ ಹೆಂಗಸು ಹತ್ತುವುದು ಅವನ್ನೇ.

ರೈಲು ಬದಲಿಸಲು ಮೂರು ಗಂಟೆ ಸಮಯವಿದೆ. ಏನು ನೋಡಲಿ?

ಆಟೋ ಹಿಡಿದು ಶಿವಾಲಯಕ್ಕೆ ಹೋಗಿ. ನಕ್ಷತ್ರಾಕಾರದ ಮುಖಮಂಟಪ, ಅದರ ಮೇಲೆ ಗುಮ್ಮಟದಂಥ ಛಾವಣಿ. ಬೇಲೂರು, ಹಳೇಬೀಡು ನೋಡಿದವರಿಗೂ ಇದು ಹೊಸದಾಗಿ ಕಾಣುತ್ತದೆ, ಜನಜಂಗುಳಿಯೂ ಇರುವುದಿಲ್ಲ. ಕಾಲಲ್ಲಿ ಶಕ್ತಿಯಿದ್ದರೆ ಊರ ಪಕ್ಕದ ಮಾಲೇಕಲ್ಲು ತಿರುಪತಿ ಬೆಟ್ಟ, ಸಾವಿರಕ್ಕೂ ಮೀರಿದ ಮೆಟ್ಟಿಲು. ಆಷಾಢದ ಜಾತ್ರೆಗೆ ಬಂದರೆ ಊರಿಗೆ ಊರೇ ಅಲ್ಲಿರುತ್ತದೆ. ಇಡೀ ದಿನವಿದ್ದರೆ ಹಾಸನ ರಸ್ತೆಯ ಹಾರನಹಳ್ಳಿಗೆ ಹೋಗಿ, 1230ರ ದಶಕದ ಎರಡು ಹೊಯ್ಸಳ ಗುಡಿಗಳಿವೆ. ಹುಣ್ಣಿಮೆಯಾದರೆ ಯಾದಾಪುರದ ಜೇನುಕಲ್ಲು ಸಿದ್ದೇಶ್ವರನ ಬೆಟ್ಟ. ಗಣೇಶನ ಹಬ್ಬದ ನಂತರದ ದಿನಗಳಾದರೆ ಪ್ರಸನ್ನ ಗಣಪತಿಯ ಪೆಂಡಾಲಿಗೆ ಬನ್ನಿ, ನಾವೂ ಅಲ್ಲೇ ಸಿಗುತ್ತೇವೆ.

ಹೋಗುವಾಗ ಒಂದು ಕಿಲೋ ಕೊಬ್ಬರಿ ಕೊಳ್ಳಬೇಕು. ಹೇಗೆ ಆರಿಸಲಿ?

ಪ್ಯಾಕೆಟ್ಟು ಬೇಡ, ಬಿಡಿ ಉಂಡೆ ಕೇಳಿ. ಕೈಗೆ ತೂಕವೆನಿಸಬೇಕು, ಮೇಲಿನ ಕಂದು ಸಿಪ್ಪೆಯಲ್ಲಿ ಬಿರುಕಾಗಲಿ ಬೂಷ್ಟಾಗಲಿ ಇರಬಾರದು. ಎರಡು ಉಂಡೆಗಳನ್ನು ಒಂದಕ್ಕೊಂದು ತಟ್ಟಿದರೆ ಗಟ್ಟಿ ಸದ್ದು ಬರಬೇಕು, ಮೆತ್ತಗೆ ಕೇಳಿದರೆ ಇನ್ನೂ ತೇವವಿದೆ ಎಂದರ್ಥ. ಅಂಗಡಿಯವರನ್ನು ಕೇಳಿ ಒಂದನ್ನು ಒಡೆಸಿ ನೋಡಿ, ಬೇಸರ ಮಾಡಿಕೊಳ್ಳುವುದಿಲ್ಲ. ಒಳಗೆ ಹಾಲಿನ ಬಿಳುಪು, ದಪ್ಪ ತಿರುಳು, ಹೊಗೆಯ ವಾಸನೆ ಇರದ ಸಿಹಿ. ಮನೆಗೆ ಹೋದ ಮೇಲೆ ಗಾಳಿಯಾಡುವ ಬಟ್ಟೆಯ ಚೀಲದಲ್ಲಿಡಿ, ಮಳೆಗಾಲದಲ್ಲಿ ಆಗಾಗ ಬಿಸಿಲು ಕಾಣಿಸಿ. ರೈಲಿನಲ್ಲಿ ತಿನ್ನಲು ಒಂದು ತುಂಡು ಬೆಲ್ಲವನ್ನೂ ಕಟ್ಟಿಸಿಕೊಳ್ಳಿ.